ಸುದ್ದಿ ಮುಟ್ಟದ ಹಡಗು

ಕಡಲು ಕಾಣದ ಬಾದಾಮಿ ಕಡೆಯ ಮನುಷ್ಯನೊಬ್ಬ ಕೊಲ್ಲಿ ದೇಶದ ಮೈದಾನ್ ಹವಲ್ಲಿಯ ನಮ್ಮ ಕೋಣೆಯಲ್ಲಿ ಯುದ್ಧನೌಕೆ ನಡೆಸುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಲೂಟಿಯಾದವನು ನಾನು, ನನಗೆ ಗೊತ್ತು.

ಅಲ್ಲೇ ರಾಯ್ ಎಂಬ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದರಲ್ಲಿ ನಾವಿಬ್ಬರೂ ಸ್ಟೋರ್ ನೋಡಿಕೊಳ್ಳುತ್ತಿದ್ದೆವು. ರದ್ದಿಯಲ್ಲಿ ಸಿಕ್ಕ ಹರಕು ಇಂಗ್ಲಿಷ್ ಪುಸ್ತಕವನ್ನು ಅವನು ಡಿಕ್ಷನರಿ ಹಿಡಿದು ಎರಡು ವರ್ಷ ಓದಿದ. ಅಮೆರಿಕದ ಉತ್ತರದವರೂ ದಕ್ಷಿಣದವರೂ ಹೊಡೆದಾಡಿದ ಕಾಲದ ಕಥೆ. ದಕ್ಷಿಣದವರ ಹಡಗೊಂದು ದೂರದ ಸಮುದ್ರಗಳಲ್ಲಿ ಅಲೆದು, ಉತ್ತರದವರ ವ್ಯಾಪಾರದ ಹಡಗುಗಳನ್ನು ಹಿಡಿದು, ಜನರನ್ನು ಮರ್ಯಾದೆಯಿಂದ ಇಳಿಸಿಕೊಂಡು, ಹಡಗಿಗೆ ಬೆಂಕಿ ಇಡುತ್ತಿತ್ತಂತೆ.

ಓದಿ ಸುಮ್ಮನಿದ್ದನೇ? ಆಯಿಲ್ ಡಬ್ಬದ ತಗಡಿನಲ್ಲಿ ಅದೇ ಹಡಗು ಮಾಡಿದ, ನನ್ನ ಹಳೆಯ ಬನಿಯನ್ ಹರಿದು ಹಾಯಿ, ಬಾವುಟ ಕಟ್ಟಿದ. ಆಮೇಲೆ ಪ್ರತಿ ಶುಕ್ರವಾರ ಅಡುಗೆಮನೆಯ ಮೇಲೆ ದಾಳಿ!

“ಮಂಗಳೂರ ಅಣ್ಣಾರ, ನಿಮ್ಮ ವ್ಯಾಪಾರದ ಹಡಗ ಸಿಕ್ಕೈತಿ. ಶರಣಾಗ್ರಿ!”

“ಮಾರಾಯ, ಅದು ನನ್ನ ಹೆಂಡತಿ ಹಾಕಿದ ಮಿಡಿ ಉಪ್ಪಿನಕಾಯಿ!”

“ನಿಮಗೇನೂ ಮಾಡಂಗಿಲ್ರಿ. ಮಾಲಷ್ಟ ನಮ್ದು.”

ಭರಣಿಯನ್ನು ಮಾತ್ರ ತೊಳೆದು ಒರೆಸಿ ಹಿಂದಿರುಗಿಸುತ್ತಿದ್ದ. ಮರ್ಯಾದಸ್ಥ ಲೂಟಿಕೋರ!

ಆ ಕಥೆಯಲ್ಲಿ ಒಂದು ಕಡೆ ಬಂದಾಗ ಮಾತ್ರ ಅವನ ದನಿ ಇಳಿಯುತ್ತಿತ್ತು. “ಊರಾಗ ಯುದ್ಧ ಮುಗದಿತ್ರಿ. ಸುದ್ದಿ ಮುಟ್ಟಲಿಲ್ಲ. ಹಿಮದ ಸಮುದ್ರದಾಗ ಪಾಪ, ಆ ಕಪ್ತಾನ ಹಡಗ ಸುಡಕೋತನ ಹೋದ.” ಈ ಬಾದಾಮಿಯವನಿಗೂ ಊರಿನಲ್ಲಿದ್ದ ಅವನ ಅಣ್ಣನಿಗೂ ಮನೆಯ ನಡುವಿನ ಗೋಡೆಗಾಗಿ ಒಂಬತ್ತು ವರ್ಷ ಮಾತಿರಲಿಲ್ಲ.

ಒಂದು ದಿನ ಅವನು ಹೊರಗೆ ಹೋಗಿದ್ದಾಗ ಸ್ಟೋರಿಗೆ ಫೋನ್ ಬಂತು. ಅವನ ಅಣ್ಣ. ಹಾಸಿಗೆ ಹಿಡಿದವನ ದನಿ, ಉಸಿರೇ ಇರಲಿಲ್ಲ. “ತಮ್ಮಗ ಹೇಳ್ರಿ, ಜಗಳ ಮುಗೀತು. ಒಮ್ಮೆ ಬಂದು ಮಾತಾಡಿ ಹೋಗಂತ.”

ಚೀಟಿಯಲ್ಲಿ ಬರೆದುಕೊಂಡೆ. ಆದರೆ ನಮ್ಮಿಬ್ಬರಲ್ಲಿ ಒಂದು ಸಲಕ್ಕೆ ಒಬ್ಬನಿಗಷ್ಟೇ ರಜೆ ಎಂಬುದು ನಮ್ಮ ಮಾಲೀಕ ಕಫೀಲನ ಕಟ್ಟಪ್ಪಣೆ. ಮರುದಿನ ನಾನು ಹೊರಡಬೇಕು, ಮಗಳ ನಿಶ್ಚಿತಾರ್ಥ. ಹೇಳಿದರೆ ಅವನು ಹೋಗುತ್ತಾನೆ, ನಾನು ಉಳಿಯುತ್ತೇನೆ.

ಹೇಳಲಿಲ್ಲ. ಹನ್ನೊಂದು ದಿನದ ಮೇಲೆ ಹಿಂದಿರುಗಿ, “ಈಗಷ್ಟೇ ನಿನ್ನ ಊರಿಂದ ಯಾರೋ ಫೋನ್ ಮಾಡಿದ್ದರು ಮಾರಾಯ, ಜಗಳ ಮುಗಿಯಿತಂತೆ, ಅಣ್ಣ ಕರೆಯುತ್ತಾನಂತೆ” ಎಂದೆ. ಅವನು ಎದ್ದವನೇ ತಗಡಿನ ಹಡಗಿನ ಬಾವುಟವನ್ನು ಎರಡೇ ಬೆರಳಲ್ಲಿ ಇಳಿಸಿದ. ಆ ರಾತ್ರಿಯೇ ಊರಿಗೆ ಹೋದ.

ಅಣ್ಣ ಕಣ್ಣು ತೆರೆದು ನೋಡಿದನಂತೆ, ಕೈ ಹಿಡಿದನಂತೆ. ಮಾತು ಮಾತ್ರ ನಾಲ್ಕು ದಿನದ ಹಿಂದೆಯೇ ನಿಂತಿತ್ತಂತೆ.

ತಿರುಗಿ ಬಂದವನು ನನ್ನ ಕಣ್ಣೀರು ನೋಡಿ ನನ್ನನ್ನೇ ಸಮಾಧಾನ ಮಾಡಿದ. “ಸಮುದ್ರ ದೊಡ್ಡದೈತ್ರಿ ಅಣ್ಣಾರ. ಸುದ್ದಿ ತಡಾ ಆಗತೈತಿ. ಯಾರದು ತಪ್ಪು?”

ಸಮುದ್ರದಲ್ಲಿ ತಡವಾಗಲಿಲ್ಲ ಮಾರಾಯ. ಹನ್ನೊಂದು ದಿನವೂ ನಿನ್ನ ಸುದ್ದಿ ನನ್ನ ಅಂಗಿಯ ಜೇಬಿನಲ್ಲಿತ್ತು.