ಎಲ್ಲ ಫೋಟೊದಲ್ಲೂ ಮಾವನವರು

ನನ್ನ ಹೆಂಡತಿ ವನಜಾಕ್ಷಿಗೆ ಯಂತ್ರಗಳ ಮೇಲೆ ನಂಬಿಕೆ ಕಡಿಮೆ. ನನ್ನ ಮೇಲಂತೂ ಕೇಳಲೇಬೇಡಿ. ಮಧುಗಿರಿಯ ನಮ್ಮ ಸ್ಟುಡಿಯೋದಲ್ಲಿ ಫೋಟೊ ಹೊಡೆಯುವವನು ನಾನು, ಕಂಪ್ಯೂಟರಿನಲ್ಲಿ ತಿದ್ದುವವಳು ಅವಳು. ಒಂದೊಂದು ಫೋಟೊಗೂ ಕೈಯಾರೆ ಮಾಸ್ಕ್ ಹಾಕುತ್ತಾಳೆ. (ಮೂಗಿಗೆ ಕಟ್ಟುವುದಲ್ಲ, ಫೋಟೊದಲ್ಲಿ ಬೇಡದ್ದನ್ನು ಮರೆಮಾಡುವ ಪರದೆ.) ಮುನ್ನೂರು ಫೋಟೊಗೆ ಹದಿನೈದು ದಿನ ಹಿಡಿಯುತ್ತದೆ. ಅಷ್ಟು ದಿನವೂ ನನಗೆ ಮೂರು ಹೊತ್ತು ಉಪ್ಪಿಟ್ಟು.

ಈ ಸಲದ್ದು ನನ್ನ ಬಾಮೈದ ಗೌರೀಶನ ಮದುವೆ ಆಲ್ಬಂ. ಅತ್ತೆ ಚಿಕ್ಕಹನುಮಕ್ಕನವರದು ಒಂದೇ ಆಸೆ: ಮಗನ ಮದುವೆ ಕಾಣದೆ ತೀರಿಕೊಂಡ ಯಜಮಾನರು ಮನೆಮಂದಿಯ ಫೋಟೊದಲ್ಲಾದರೂ ನಿಂತಿರಬೇಕು. ಮಾವ ರುದ್ರಯ್ಯನವರದು ಇದ್ದದ್ದೇ ಒಂದು ಫೋಟೊ, ಚನ್ನರಾಯನದುರ್ಗದ ಬೆಟ್ಟದ ಕೆಳಗೆ ಕೊಡೆ ಬಿಚ್ಚಿ ಹಿಡಿದು ಗುರಾಯಿಸುತ್ತಿರುವುದು. ನಾನಿರುವ ಫೋಟೊವೂ ಆಲ್ಬಮ್ಮಿನಲ್ಲಿ ಒಂದೇ, ಮದುಮಕ್ಕಳ ಜೊತೆಗಿನದು. ವನಜಾಕ್ಷಿ ಕ್ಯಾಮೆರಾ ಇಸಿದುಕೊಂಡು ಹೊಡೆದದ್ದು. ಹೊಸ ರೇಷ್ಮೆ ಪಂಚೆಯುಟ್ಟು ಬಲತುದಿಯಲ್ಲಿ ನಿಂತಿದ್ದೇನೆ.

"ಈ ಸಲ ನಾನೇ ಮಾಡ್ತೀನಿ ಕಣೇ," ಎಂದೆ. "ಒಂದು ಫೋಟೊಗೆ ಮಾಡಿದ್ದನ್ನ ರೆಕಾರ್ಡ್ ಮಾಡಿಟ್ರೆ ಸಾಕು. ಮಿಕ್ಕಿದ್ದಕ್ಕೆಲ್ಲ ಕಂಪ್ಯೂಟರೇ ಅಂಗೇ ಮಾಡ್ಕೊಂಡು ಹೋಯ್ತದೆ."

"ನೀವು ಮಾಡಿದ್ದನ್ನೇ ಮುನ್ನೂರು ಸಲ ಮಾಡ್ತದಾ? ಅಯ್ಯೋ ಶಿವನೇ!"

ಮನೆಮಂದಿಯ ಫೋಟೊ ತೆರೆದು ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಿದೆ. ಅಂಚುಗಳನ್ನು ಮಬ್ಬು ಮಾಡುವ ಮಾಸ್ಕ್ ಹಾಕಬೇಕು, ಅದನ್ನೇ ರೆಕಾರ್ಡ್ ಮಾಡಬೇಕು, ಅಷ್ಟೇ. ಆಗಲೇ ಮಾವನವರ ನೆನಪಾಯಿತು. ಶುಭಕಾರ್ಯವಲ್ಲವೇ, ಹಿರಿಯರದ್ದು ಮೊದಲಾಗಲಿ ಎಂದು ಭಕ್ತಿಯಿಂದ ಅವರನ್ನು ತಂದು, ಹಿಂದಿನ ಬೆಟ್ಟ ಮರೆಮಾಡಿ, ಬಲತುದಿಯ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಆಮೇಲೆ ಅಂಚು ಮಬ್ಬು ಮಾಡಿ ರೆಕಾರ್ಡಿಂಗ್ ನಿಲ್ಲಿಸಿ, ಮಿಕ್ಕ ಫೋಟೊಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದೆ. ಒಂದು ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಪ್ರಿಂಟಿಗೆ ಕಳ್ಸೋ ಮುಂಚೆ ಒಂದ್ಸಲ ನೋಡ್ಬುಡ್ರೀ."

"ಮೆಷಿನ್ ಮಾಡಿದ್ದನ್ನ ಮನುಷ್ಯ ನೋಡೋದೇನೇ?" ಎಂದು ಜಗದ್ಗುರುವಿನಂತೆ ನಕ್ಕು ಕಳಿಸಿಯೇಬಿಟ್ಟೆ.

ಆಲ್ಬಂ ಬಂದ ದಿನವೇ ಐ.ಡಿ.ಹಳ್ಳಿಯಿಂದ ಅತ್ತೆಯೂ ಬಂದಿಳಿದರು. ಮೊದಲ ಹಾಳೆ ತಿರುಗಿಸಿದೆ. ಅರಿಶಿನ ಶಾಸ್ತ್ರದಲ್ಲಿ ಹೆಂಗಸರ ನಡುವೆ ಮಾವನವರು, ಕೊಡೆ ಸಮೇತ! ತಾಳಿ ಕಟ್ಟುವಾಗ ಪುರೋಹಿತರ ತಲೆಯ ಮೇಲೆ ಅದೇ ಕೊಡೆ. ಊಟದ ಪಂಕ್ತಿಯಲ್ಲಿ ಎಲೆಗಳ ಮೇಲೇ ನಿಂತಿದ್ದಾರೆ. ಎಲ್ಲ ಕಡೆಯೂ ಅದೇ ಗುರಾಯಿಸುವ ನೋಟ. ಕೆಂಪು ಗುಂಡಿ ಒತ್ತಿದ ಮೇಲೆ ಅವರನ್ನು ತಂದಿದ್ದೆನಲ್ಲ, ಯಂತ್ರ ಅದನ್ನೂ ಕಲಿತು ಎಲ್ಲ ಫೋಟೊಗೂ ತಂದು ನಿಲ್ಲಿಸಿತ್ತು.

ವನಜಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅತ್ತೆ, ತಪ್ಪಾಗೈತೆ, ಎಲ್ಲಾ ಹೊಸದಾಗಿ ಮಾಡಿಸ್ಕೊಡ್ತೀನಿ," ಎಂದು ಆಲ್ಬಂ ಎಳೆದೆ.

ಅತ್ತೆ ಬಿಡಲಿಲ್ಲ. ಕಣ್ಣೊರೆಸಿಕೊಂಡು ಮಾವನವರ ಮೇಲೆ ಬೆರಳಾಡಿಸುತ್ತಾ, "ಯಾವ ಶಾಸ್ತ್ರನೂ ತಪ್ಪಿಸ್ಕಂಡಿಲ್ಲ ನೋಡಮ್ಮಿ," ಎಂದು ಮಗಳಿಗೆ ಹೇಳಿದರು. "ಬದುಕಿದ್ದಾಗ ಯಾವ ಮದ್ವೇಲೂ ಇಷ್ಟೊತ್ತು ನಿಂತೋರಲ್ಲ. ಇಂಗೇ ಇರ್ಲಿ."

ಬದುಕಿಕೊಂಡೆ ಎಂದು ಬೀಗಿದೆ. ಅಷ್ಟರಲ್ಲಿ ಕೊನೆಯ ಹಾಳೆ ಬಂತು. ನನ್ನ ಏಕೈಕ ಫೋಟೊ! ಬಲತುದಿಯಲ್ಲಿ ಮಾವನವರು ಗಟ್ಟಿಯಾಗಿ ನಿಂತಿದ್ದರು. ಅವರ ಕೊಡೆಯ ಪಕ್ಕದಿಂದ ನನ್ನ ಒಂದು ಕಿವಿ ಮಾತ್ರ ಇಣುಕುತ್ತಿತ್ತು.

"ಅತ್ತೆ, ಇದೊಂದನ್ನಾದ್ರೂ ಬದಲಾಯಿಸ್ತೀನಿ. ಇದ್ರಲ್ಲಿ ನಾನಿದ್ದೆ!"

"ನಾ ಬಂದಾಗೆಲ್ಲ ನೀವು ಕಣ್ಮುಂದೇನೇ ಇರ್ತೀರಲ್ಲ ಅಳಿಯಂದ್ರೇ," ಎಂದರು ಅತ್ತೆ. "ಅವ್ರು ಬರೋದು ಅಪರೂಪ."

ಈಗ ಆ ಫೋಟೊ ದೊಡ್ಡದಾಗಿ ನಮ್ಮ ಸ್ಟುಡಿಯೋ ಗೋಡೆಯ ಮೇಲಿದೆ, ವನಜಾಕ್ಷಿಯದೇ ಕೆಲಸ. ಬಂದ ಗಿರಾಕಿಗಳೆಲ್ಲ, "ಆ ಕಿವಿ ಯಾರ್ದಕ್ಕಾ?" ಎಂದು ಕೇಳುತ್ತಾರೆ. ಅವಳು ನನ್ನ ಕಡೆ ಕೈ ತೋರಿಸುತ್ತಾಳೆ.