ನಳ ಬಂದ ದಿನ ಆರುವ ಬಿಯರು

ಜನ ಪಂಚಾಂಗ ನೋಡಿ ಮದುವೆಗೆ ದಿನ ಗೊತ್ತು ಮಾಡುತ್ತಾರೆ. ನಮ್ಮ ಸೋದರಮಾವ ನಳಕ್ಕೆ ನೀರು ಬಿಡುವವನನ್ನು ಕೇಳಿ ಬಿಯರಿಗೆ ದಿನ ಗೊತ್ತು ಮಾಡುತ್ತಾರೆ! ಬೆಟಗೇರಿಯ ಸೀರೆ ಅಂಗಡಿಯನ್ನು ಮಗಳು ಅಳಿಯನ ಕೈಗೆ ಕೊಟ್ಟ ಮೇಲೆ ಅವರಿಗೆ ಹತ್ತಿದ ಹುಚ್ಚು ಇದು. ಕುಡಿಯುವ ಹುಚ್ಚಲ್ಲ, ಮಾಡುವ ಹುಚ್ಚು. ಕುಡಿಯುವುದು ಚಹಾದ ಬಸಿಯಲ್ಲಿ ಒಂದೇ ಗುಟುಕು, ಅದೂ ಕಣ್ಣು ಮುಚ್ಚಿಕೊಂಡು. ಉಳಿದದ್ದು ಗೆಳೆಯರ ಪಾಲು.

"ಬಾರ್ಲಿ ರಸ ಕುದಿಸೋದು ಹಾದಿಹೋಕನೂ ಮಾಡತಾನ. ಆರಿಸೋದರಾಗ ಐತಿ ಮನಷ್ಯಾನ ಯೋಗ್ಯತಾ" ಎನ್ನುತ್ತಾರೆ ಮಾವ. ಬಿಸಿ ಇದ್ದಾಗಲೇ ಯೀಸ್ಟ್ ಹಾಕಿದರೆ ಅದು ಸಾಯುತ್ತದೆ. ಆರಲು ತಡವಾದರೆ ಬೇಡದ ಕ್ರಿಮಿ ಸೇರಿ ರಸ ಹುಳಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಮೊದಲ ಸಲ ಮಾಳಿಗೆಯ ಮೇಲೆಯೇ ಒಲೆ ಹೂಡಿದರು. "ಗದಗಿನ ಗಾಳಿ ಇರೂವಾಗ ಚಿಂತಿ ಯಾಕ?" ಎಂದು, ಕುದಿದ ರಸ ಆರಲೆಂದು ಬೋಗುಣಿಯ ಮುಚ್ಚಳ ತೆಗೆದಿಟ್ಟರು. ಗಾಳಿ ಬಂತು ನೋಡಿ! ಪಕ್ಕದ ಮಾಳಿಗೆಯಲ್ಲಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ಬೀಜ, ಸಿಪ್ಪೆ ಎಲ್ಲವನ್ನೂ ಹೊತ್ತು ತಂದು ರಸಕ್ಕೆ ಸುರಿಯಿತು. ಮಾವ ಧೈರ್ಯಗೆಡಲಿಲ್ಲ. ಸೋಸಿ, ಯೀಸ್ಟ್ ಹಾಕಿ, ವಾರಗಟ್ಟಲೆ ಕಾದು ಬಸಿಯಲ್ಲಿ ರುಚಿ ನೋಡಿದರು. ಕಣ್ಣಲ್ಲಿ ನೀರು! ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: "ಸಾರು ಚೊಲೋ ಆದಂಗ ಕಾಣತೈತಿ. ಅನ್ನ ನೀಡ್ಲೇನ್ರಿ?"

ಎರಡನೆಯ ಸಲ ಅತ್ತೆಯ ಲಕ್ಷ್ಮೇಶ್ವರದ ತವರಿನಿಂದ ಬಂದ ಉಪ್ಪಿನಕಾಯಿಯ ಗಾಜಿನ ಭರಣಿಗೆ ಕಣ್ಣು ಹಾಕಿದರು. ಕುದಿಯುವ ರಸವನ್ನು ಅದಕ್ಕೆ ಸುರಿದು ಮುಚ್ಚಿಬಿಟ್ಟರೆ ಧೂಳು ಎಲ್ಲಿಂದ ಬರಬೇಕು? ತರ್ಕವೇನೋ ಸರಿ, ಭರಣಿಗೆ ತರ್ಕ ತಿಳಿಯಬೇಕಲ್ಲ! ಟಣ್ ಎಂದು ತಳ ಬಿಟ್ಟಿತು. ಮಾವನ ಬಲಪಾದ ಸುಟ್ಟಿತು, ಬಹಳ ದಿನ ಕುಂಟಿದರು. ಕೇಳಿದವರಿಗೆಲ್ಲ "ಹೆಜ್ಜಿ ತಪ್ಪಿತ್ರಿ" ಎಂಬ ಒಂದೇ ಉತ್ತರ. ಅತ್ತೆ ತೀರ್ಪು ಕೊಟ್ಟರು: "ಇನ್ನೊಂದ ಸಲ ಈ ಕಷಾಯ ಕೆಟ್ಟರ ಬೋಗುಣಿ ಗುಜರಿಗೆ ಹೋಗತೈತಿ, ನೋಡ್ರಿ."

ಮಾವ ಈಗ ಖರೆ ಎಚ್ಚೆತ್ತರು. ಫ್ರಿಜ್ ರಿಪೇರಿಯವನಿಂದ ತಾಮ್ರದ ಕೊಳವೆ ತಂದು ಚಕ್ಕುಲಿಯ ಹಾಗೆ ಸುತ್ತಿದರು. ರಸ ಕುದಿಯುವಾಗಲೇ ಅದನ್ನು ಮುಳುಗಿಸಬೇಕು, ಕೊಳವೆಯ ಕ್ರಿಮಿಯೂ ಸಾಯಬೇಕಲ್ಲ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಒಂದು ತುದಿಗೆ ನಳದ ತಣ್ಣೀರು ಬಿಟ್ಟರೆ ಇನ್ನೊಂದು ತುದಿಯಿಂದ ಬಿಸಿನೀರು ಹೊರಬರುತ್ತದೆ. ಬೋಗುಣಿಯನ್ನು ಯಾರೂ ಎತ್ತುವಂತಿಲ್ಲ, ಅಲುಗಿಸುವಂತಿಲ್ಲ. ಇಷ್ಟೆಲ್ಲ ಸರಿ, ಆದರೆ ನಮ್ಮಲ್ಲಿ ನಳ ಬರುವುದು ವಾರಕ್ಕೋ ಹತ್ತು ದಿನಕ್ಕೋ! ಅದಕ್ಕೇ ಬಿಯರಿಗೆ ಮುಹೂರ್ತ.

ಆ ಮೂರನೆಯ ಸಲದ ಮುಹೂರ್ತಕ್ಕೆ ಹಿತ್ತಲಲ್ಲಿ ನಾನೂ ಇದ್ದೆ. ರಸ ಕುದಿದು ಸಿದ್ಧವಾಗಿತ್ತು, ನಳವೂ ಬಂತು. ಒಂದು ಬಕೆಟ್ ತುಂಬುವಷ್ಟರಲ್ಲಿ ಗೊರಗೊರ ಎಂದು ನಿಂತೇ ಹೋಯಿತು. ಮನೆಯ ಡ್ರಮ್ಮುಗಳೆಲ್ಲ ಖಾಲಿ.

"ಮಾವಾ, ಬೋಗುಣಿ ಎತ್ತಿ ಬಾಜೂ ಮನಿಯವರ ಹೌದಿನ ತಳದಾಗಿನ ನೀರಾಗ ಇಡೂಣೇನ್ರಿ?" ಎಂದೆ.

"ಬಿಸಿದನ್ನ ಎತ್ತಂಗಿಲ್ಲ. ಯಾರ ಮೈಮ್ಯಾಲರೆ ಚೆಲ್ಲಿದ್ರ? ಹೋಗ್ಲಿ ಬಿಡು. ಗುಜರಿಯವನಿಗೆ ಬಾ ಅಂತ ಹೇಳು" ಎಂದು ಮಾವ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರ ಮುಖ ನೋಡಲಾಗಲಿಲ್ಲ.

ಆಗ ಅತ್ತೆ ಅಡುಗೆಮನೆಯಿಂದ ತಾಮ್ರದ ಕೊಡ ಹೊತ್ತು ಬಂದರು.

"ಕುಡಿಯೋ ನೀರು ಅದು. ನಾಳಿಗೆ ಏನ ಮಾಡ್ತಿ?"

"ನಾಳಿದ ನಾಳೆ ನೋಡೂಣು. ಕೊಳವಿ ಹಿಡೀರಿ."

ಮನೆಯಲ್ಲಿದ್ದ ಕುಡಿಯುವ ನೀರೆಲ್ಲ ಕೊಳವೆಯಲ್ಲಿ ಹರಿಯಿತು. ರಸ ಆರಿತು, ಮಾವ ಯೀಸ್ಟ್ ಹಾಕಿ ಮತ್ತೆ ಮೆಟ್ಟಿಲ ಮೇಲೆ ಕುಳಿತರು. ಹೊರಬಂದ ಬಿಸಿನೀರನ್ನು ಅತ್ತೆ ತಗಡಿನ ಬುಟ್ಟಿಯಲ್ಲಿ ಹಿಡಿದು, ಮೆಟ್ಟಿಲ ಬಳಿ ತಂದು, ಮಾವನ ಬಲಗಾಲನ್ನು ಅದರಲ್ಲಿ ಇರಿಸಿದರು.

"ಅತ್ತಿ, ಗುಜರಿ ಮಾತು ಏನಾತ್ರಿ?" ಎಂದು ನಾನು ಕೆಣಕಿದೆ.

ಅತ್ತೆ ಸುಟ್ಟ ಕಲೆಯ ಮೇಲೆ ನೀರು ಹೊಯ್ಯುತ್ತ ಹೇಳಿದರು: "ಅವತ್ತ ಇವರ ಹೆಜ್ಜಿ ತಪ್ಪಿರಲಿಲ್ಲೋ. ಭರಣಿ ಮುಂದ ನಾ ನಿಂತಿದ್ದೆ. ನನ್ನ ಹಿಂದ ದೂಡಿ ತಾವು ನಿಂತ್ರು."

"ನೀರು ಭಾಳ ಬಿಸಿ ಐತಿ" ಎಂದು ಮಾವ ಕಣ್ಣೊರೆಸಿಕೊಂಡರು.

"ಇಲ್ರಿ" ಎಂದರು ಅತ್ತೆ, "ಕೈ ಹಾಕಿ ನೋಡೇ ಇಟ್ಟೇನಿ."