ಜಡ್ಜುಗಳ ಜಾತಕ ಬರೆದ ಗುಮಾಸ್ತ

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಆ ನಂಜುಂಡೇಶ್ವರ ನನ್ನ ನಾಲಿಗೆ ಕಿತ್ಕೊಳ್ಳಲಿ. ಹೋದ ಸಲಾನೂ ಹಿಂಗೇ ಅಂದಿದ್ದೆ, ನಾಲಿಗೆ ಇನ್ನೂ ಅದೆ, ಅದು ಬೇರೆ ವಿಷಯ. ನಂಜನಗೂಡಲ್ಲಿ ಒಬ್ಬ ವಕೀಲರ ಹತ್ರ ಮೂವತ್ತು ವರ್ಷ ಗುಮಾಸ್ತನಾಗಿದ್ದೋನು ನಾನು. ಕೋರ್ಟಲ್ಲಿ ನಗೋ ಹಂಗಿಲ್ಲ. ಅದಕ್ಕೇ ಏನೋ, ನಗು ತಡಿಯೋಕಾಗದಂಥವೆಲ್ಲ ಅಲ್ಲೇ ಆಯ್ತಾ ಇರ್ತವೆ.

ನಾನು ಹೇಳ್ತಾ ಇದ್ದೀನಿ, ಎದುರಿಗೆ ಕೂತು ಟೈಪ್ ಮಾಡ್ತಾ ಇರೋಳು ಬಿಳಿಗೆರೆಯ ನನ್ನ ಗೆಳೆಯನ ಮಗಳು. ಮೈಸೂರಲ್ಲಿ ಲಾ ಕಾಲೇಜಿನ ಮೇಡಂ. ಹೈಕೋರ್ಟಿನ ಸಾವಿರಾರು ತೀರ್ಪು ಕಂಪ್ಯೂಟರಿಗೆ ತುಂಬಿ, ಯಾವ ಜಡ್ಜು ಯಾವ ಥರದ ಕೇಸಲ್ಲಿ ಹೆಂಗೆ ತೀರ್ಮಾನ ಮಾಡ್ತಾರೆ ಅಂತ ಲೆಕ್ಕ ತೆಗೀತಾ ಅವ್ಳೆ. "ಇದನ್ನೆಲ್ಲ ನಾನು ಯಾವತ್ತೋ ಮಾಡಿ ಮುಗಿಸಿದ್ದೀನಿ ಕಣವ್ವ" ಅಂದೆ. ಸುಮ್ನೆ ಇರಬಾರದಿತ್ತಾ? ಲ್ಯಾಪ್‌ಟಾಪ್ ತಗೊಂಡು ಬಂದು ಕೂತ್ಬಿಟ್ಳು.

ಕೆಮ್ಮು, ಕನ್ನಡಕ, ನಗುಮೊಗ

ವಾರಕ್ಕೊಂದು ಸಲ ಫೈಲು ಕಂಕುಳಲ್ಲಿ ಇಟ್ಕೊಂಡು ಬೆಂಗಳೂರಿಗೆ, ಹೈಕೋರ್ಟಿಗೆ ಹೋಗ್ತಿದ್ದೆ. ಅಲ್ಲಿ ಕಾರಿಡಾರಲ್ಲಿ ಕೂರೋ ಗುಮಾಸ್ತರದ್ದು ಒಬ್ಬೊಬ್ಬರದೂ ಒಂದೊಂದು ಶಾಸ್ತ್ರ. ಆ ಜಡ್ಜು ಶುಕ್ರವಾರ ಸ್ಟೇ ಕೊಡಲ್ಲ, ಈ ಜಡ್ಜು ಮುದುಕೀರ ಕೇಸಿಗೆ ಕರಗೋಯ್ತಾರೆ, ಹಿಂಗೆ. ನನಗೆ ಬಾಯಿಮಾತು ಒಗ್ಗಲ್ಲ. ಒಂದು ನೋಟ್‌ಬುಕ್ಕಿಗೆ ಗೀಟು ಎಳೆದು ಬರೆಯೋಕೆ ಶುರು ಮಾಡಿದೆ: ಜಡ್ಜು, ಕೇಸಿನ ನಂಬರು, ಹೊತ್ತು, ಆರ್ಡರು. ಹೆಸರು ಬರೆದ್ರೆ ಜೈಲು ಗ್ಯಾರಂಟಿ ಅಂತ ಗುರುತು ಬರೀತಿದ್ದೆ. ಒಬ್ರು ಕೆಮ್ಮು, ಒಬ್ರು ಕನ್ನಡಕ, ಒಬ್ರು ನಗುಮೊಗ.

ಸುದ್ದಿ ನರಸೀಪುರದವರೆಗೂ ಹೋಯ್ತು. ಬೆಳಗಾದ್ರೆ ನಮ್ಮನೆ ಜಗಲಿ ಮೇಲೆ ಇನ್ನೂರು ಜನ.

"ಇನ್ನೂರಾ ದೊಡ್ಡಪ್ಪ?" ಅಂದ್ಳು ಹುಡುಗಿ.

ಸರಿ, ಆರು ಅಂತ ಬರಿ.

ಒಂದಿನ ಸೋಮನಾಥಪುರದ ಕಡೆಯ ಯಜಮಾನನೊಬ್ಬ ಎಲೆ ಅಡಿಕೆ ಸಮೇತ ಬಂದ. "ಸಾ, ನನ್ ಕೇಸು ಕೆಮ್ಮಿಗೆ ಬಿದ್ದದಂತೆ. ಏನಾರ ದೋಸ ಅದಾ?"

"ಕೆಮ್ಮಿಗೆ ಬಿದ್ರೆ ಮಧ್ಯಾಹ್ನದ ಮೇಲೆ ಶುಭ" ಅಂದೆ.

ಅವನು ಖುಷಿಯಾಗಿ ಜೇಬಿಂದ ಒಂದು ಹಳದಿ ಕಾಗದ ತೆಗೆದ. "ಅಂಗೇ ಇದ್ನೂ ಒಂದ್ಗಳಿಗೆ ನೋಡ್ಬುಡಿ ಸಾ, ನನ್ ಮಗಳ ಜಾತಕ."

ಸೋಮವಾರದ ಉಪವಾಸ

ಹಸಿದ ಜಡ್ಜು ವಜಾ ಮಾಡ್ತಾರೆ, ಉಂಡ ಜಡ್ಜು ಮಂಜೂರು ಮಾಡ್ತಾರೆ. ಇದು ನನ್ನ ನೋಟ್‌ಬುಕ್ಕಿನ ಮೊದಲ ಸೂತ್ರ. ಬನ್ನೂರಿನ ಕಬ್ಬು ಬೆಳೆಗಾರನೊಬ್ಬ ಇದನ್ನ ವೇದವಾಕ್ಯ ಅಂತ ನಂಬಿದ. ಕೇಸಿನ ದಿನ ಸೀದಾ ಹೋಗಿ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತಿದ್ದ ಜವಾನನ್ನ ಕೇಳಿದ: "ಅಣ್ಣಾ, ಸಾಯೇಬ್ರು ಉಂಡ್ರಾ?"

"ಇವತ್ತು ಸೋಮವಾರ ಕಣಯ್ಯ. ಸಂಜೆ ಪೂಜೆ ಆಗೋವರೆಗೂ ಅವರು ಹನಿ ನೀರು ಮುಟ್ಟಲ್ಲ."

ಬನ್ನೂರಿನವನು ಅಲ್ಲೇ ಗೋಡೆಗೊರಗಿ ಕೂತ. ನಾನೂ ನೋಟ್‌ಬುಕ್ ಮುಚ್ಚಿಬಿಟ್ಟೆ. ಸಂಜೆ ನಾಲ್ಕಕ್ಕೆ ಕೇಸ್ ಕೂಗಿದ್ರು. ನಮ್ಮ ವಕೀಲರು ಐದು ನಿಮಿಷ ಮಾತಾಡಿದ್ರು ಅಷ್ಟೆ, ಅಪೀಲು ಮಂಜೂರು! ನನ್ನ ಸೂತ್ರ ನೆಗೆದುಬಿತ್ತು. ಬೆಳೆಗಾರ ಹೊರಗೆ ಬಂದು ನನ್ನ ಕೈ ಹಿಡ್ಕೊಂಡ.

"ಸಾ, ಒಂದು ಅರ್ಜಿ ಗೀಚ್ಕೊಡಿ. ಜಡ್ಜುಗಳಿಗೆ ವಾರವೆಲ್ಲ ಸೋಮವಾರ ಮಾಡ್ಲಿ."

ನನ್ನ ಕಾಲ್ಗುಣ

ನೋಟ್‌ಬುಕ್ ತುಂಬ್ತಾ ತುಂಬ್ತಾ ಒಂದು ಭಯಂಕರ ಸತ್ಯ ಹೊರಗೆ ಬಂತು. ವಕೀಲರು ತಾವು ಬರದೆ ಜೂನಿಯರ್ ಜೊತೆ ನನ್ನ ಕಳಿಸಿದ ಕೇಸೆಲ್ಲ ಸೋತಿದ್ವು. ಒಂದೂ ಬಿಡದಂಗೆ! ಹೆಂಡ್ತಿ ಹತ್ರ ಹೇಳ್ಕೊಂಡೆ. "ನನಗೆ ಮದ್ವೆಯಾದ ವಾರಕ್ಕೇ ಗೊತ್ತಾಯ್ತು" ಅಂದ್ಳು.

ವಕೀಲರ ಮುಂದೆ ಹೋಗಿ ಕೈಮುಗಿದೆ. "ಸಾ, ನನ್ನ ಕಾಲ್ಗುಣ ಸರಿ ಇಲ್ಲ. ಇನ್ನು ನನ್ನ ಹೈಕೋರ್ಟಿಗೆ ಕಳಿಸ್ಬೇಡಿ."

ಅವರು ನೋಟ್‌ಬುಕ್ ತಿರುವಿ ನೋಡಿ ನಕ್ಕರು. "ಗೆಲ್ಲೋ ಕೇಸಿಗೆ ನಾನೇ ಹೋಗ್ತೀನಲ್ಲಯ್ಯಾ. ಸೋಲೋದು ಖಾತ್ರಿ ಅಂದಾಗ ಮಾತ್ರ, ಪಾರ್ಟಿ ಹತ್ರ ಬೈಸ್ಕೊಳ್ಳೋಕೆ ನಿನ್ನ ಕಳಿಸೋದು."

ಆವತ್ತು ನಾನೂ ನಕ್ಕುಬಿಟ್ಟೆ. ಬುದ್ಧಿ ಕಲೀಬೇಕಿತ್ತು, ಕಲೀಲಿಲ್ಲ.

ದಾರಿ ಕೇಸು

ಇದು ಈಗ ಟೈಪ್ ಮಾಡ್ತಾ ಇರೋಳ ಅಪ್ಪನ ಕೇಸು. ಬಿಳಿಗೆರೆ ಹೊಲಕ್ಕೆ ಹೋಗೋ ದಾರಿಗೆ ಪಕ್ಕದವನು ಬೇಲಿ ಹಾಕಿದ್ದ. ಕೆಳಗಿನ ಕೋರ್ಟುಗಳಲ್ಲಿ ಸೋತು ಗೆಳೆಯ ಹೈಕೋರ್ಟಿಗೆ ಬಂದ. "ನೀನಿದ್ದೀಯಲ್ಲ ಬುಡ್ಲಾ, ನನಗೇನು ಭಯ" ಅಂದ. ಕೇಸು ಕನ್ನಡಕದವರ ಮುಂದೆ ಬಂತು.

ನೋಟ್‌ಬುಕ್ ತೆಗೆದೆ. ಕನ್ನಡಕದ ಪುಟದ ತುಂಬ ವಜಾ, ವಜಾ, ವಜಾ. ನಗುಮೊಗದ ಪುಟದ ತುಂಬ ಮಂಜೂರು. ಕೆಲವು ತಿಂಗಳಿಗೊಮ್ಮೆ ಯಾವ ಜಡ್ಜಿಗೆ ಯಾವ ಥರದ ಕೇಸು ಅನ್ನೋದು ಬದಲಾಯ್ತದೆ. ಅಲ್ಲೀಗಂಟ ಹೆಂಗಾದ್ರೂ ಕೇಸು ಮುಂದಕ್ಕೆ ತಳ್ಳಿ ಅಂತ ವಕೀಲರ ತಲೆ ತಿಂದೆ. ಒಂದ್ಸಲ ವಕೀಲರಿಗೆ ಜ್ವರ ಅಂತ ಟೈಮ್ ಕೇಳಿದ್ವಿ. ಇನ್ನೊಂದ್ಸಲ ಬೆನ್ನುನೋವು. ಮೂರನೇ ಸಲ ಕಾಲು ಮುರಿದದೆ ಅಂತ ಬರೆದುಕೊಟ್ವಿ. ಆವತ್ತು ಮಧ್ಯಾಹ್ನಾನೇ ನಮ್ಮ ವಕೀಲರು ಬೇರೆ ಕೇಸಿಗೆ ಅಂತ ಅದೇ ಹಾಲಿಗೆ ಓಡ್ಕೊಂಡು ಬಂದ್ರು. ಜಡ್ಜು ಕನ್ನಡಕ ತೆಗೆದು ಒರೆಸಿ, "ನಿಮ್ಮೂರಿನ ನಾಟಿ ವೈದ್ಯರು ಭಾಳ ಜೋರು ಕಣ್ರೀ" ಅಂದ್ರು.

ಕೊನೆಗೂ ಕೇಸು ನಗುಮೊಗದವರಿಗೆ ಹೋಯ್ತು. ಎರಡೇ ನಿಮಿಷ. ನಗ್ತಾ ನಗ್ತಾನೇ ವಜಾ ಮಾಡಿದ್ರು.

ಅದಕ್ಕೂ ಮುಂಚೆ, ನಾವು ಸುಳ್ಳುಜ್ವರದಲ್ಲಿ ಮಲಗಿದ್ದ ದಿನಾನೇ, ನರಸೀಪುರದ ಒಬ್ಬಂದು ಇಂಥದೇ ದಾರಿ ಕೇಸು ಕನ್ನಡಕದವರ ಮುಂದೆ ಬಂದಿತ್ತು. ಬೇಲಿ ಕೀಳಿ ಅಂತ ಆರ್ಡರ್ ಮಾಡಿದ್ರಂತೆ. ಈ ಹುಡುಗಿ ಕಂಪ್ಯೂಟರೂ ಅದನ್ನೇ ಹೇಳ್ತದೆ: ಅವರ ಪಾಲಿಗೆ ಬರ್ತಿದ್ದದ್ದೇ ಜೊಳ್ಳು ಕೇಸುಗಳು, ಅದಕ್ಕೇ ಅಷ್ಟು ವಜಾ. ದಾರಿ ಕೇಸಲ್ಲಿ ಅವರಷ್ಟು ಕೈಬಿಚ್ಚಿ ಕೊಟ್ಟೋರು ಇನ್ನೊಬ್ರಿಲ್ಲ. ನಾನು ವಜಾ ಎಣಿಸಿದ್ದೆ, ಏನನ್ನ ವಜಾ ಮಾಡಿದ್ರು ಅಂತ ನೋಡಿರಲಿಲ್ಲ.

ಗೆಳೆಯ ಇವತ್ತಿಗೂ ಮಂಡಿ ಹಿಡ್ಕೊಂಡು ಕೆರೆ ಏರಿ ಸುತ್ತಿ ಹೊಲಕ್ಕೆ ಹೋಗ್ತಾನೆ. ನಾನು ಹೋದಾಗೆಲ್ಲ ಕಾಫಿ ಕೊಟ್ಟು, "ಆ ನಗೋ ಜಡ್ಜು ಮನೆ ಆಳಾಗೋಗ್ಲಿ ಕಣ್ಲಾ" ಅಂತಾನೆ. ನಾನು ಕಾಫಿ ಕುಡೀತಾ "ಊಂ ಕಣ್ಲಾ, ಆಳಾಗೋಗ್ಲಿ" ಅಂತೀನಿ. ನೋಟ್‌ಬುಕ್ ನಂಬಿ ನಾನೇ ಕೇಸು ತಳ್ಳಿಸಿದ ವಿಷಯ ಇವತ್ತಿನವರೆಗೂ ಅವನಿಗೆ ಹೇಳಿಲ್ಲ.

ಹುಡುಗಿ ಟೈಪ್ ಮಾಡೋದು ನಿಲ್ಲಿಸಿದ್ಳು.

"ಮೂರು ಸಲ ನಮ್ಮ ಕಡೆಯವರೇ ಯಾಕೆ ಟೈಮ್ ಕೇಳಿದ್ರು ಅಂತ ರೆಕಾರ್ಡ್ ನೋಡಿ ನೋಡಿ ತಲೆ ಕೆಟ್ಟಿತ್ತು ದೊಡ್ಡಪ್ಪ." ದನಿಯಲ್ಲಿ ಕೋಪ ಇರಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. "ಇದನ್ನ ಸಂಜೆ ಅಪ್ಪನಿಗೆ ಓದಿ ಹೇಳ್ತೀನಿ."

"ಓದವ್ವ. ನಾನೇ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ. ಆದ್ರೆ ಓದೋ ಮುಂಚೆ ಇದೊಂದನ್ನ ಸೇರಿಸ್ಕೊ. ವಜಾ ಆದ್ಮೇಲೆ ನಾನೇನೂ ಸುಮ್ನೆ ಕೂರಲಿಲ್ಲ. ಒಬ್ನೇ ಬೆಂಗಳೂರಿಗೆ ಹೋದೆ. ಕನ್ನಡಕದವರ ಹಾಲಿಗೆ ನುಗ್ಗಿ, ನಾನೂರು ಜನ ವಕೀಲರ ಮುಂದೆ, 'ಸ್ವಾಮಿ, ತಪ್ಪು ನಂದು, ನನ್ನ ಗೆಳೆಯನ ದಾರಿ ಬಿಡಿಸ್ಕೊಡಿ' ಅಂತ ಗೋಳೋ ಅಂತ ಅತ್ತೆ. ಜಡ್ಜು ಪೀಠದಿಂದ ಇಳಿದು ಬಂದು ಅವರ ಕರಿ ಗೌನಲ್ಲೇ ನನ್ನ ಕಣ್ಣು ಒರೆಸಿದ್ರು ಕಣವ್ವ. ಇಡೀ ಕೋರ್ಟು ಎದ್ದು ನಿಂತಿತ್ತು. ಇದನ್ನ ದಪ್ಪ ಅಕ್ಷರದಲ್ಲಿ ಹಾಕು, ಅಪ್ಪನಿಗೆ ಇದನ್ನ ಎರಡು ಸಲ ಓದು."

"ತಾರೀಖು ಹೇಳಿ, ರೆಕಾರ್ಡಲ್ಲಿ ನೋಡ್ತೀನಿ."

"ಮರೆಯೋಕಾಯ್ತದಾ? ಅಕ್ಟೋಬರ್ ಎರಡು. ಬೆಳಿಗ್ಗೆ ಹತ್ತೂವರೆ."

ಹುಡುಗಿ ಕಂಪ್ಯೂಟರಿನ ಕಡೆ ತಿರುಗಲೂ ಇಲ್ಲ.

"ದೊಡ್ಡಪ್ಪ, ಆವತ್ತು ಗಾಂಧಿ ಜಯಂತಿ."